ಕಿವಿಯೊಳಗಿನ ರಸಮಟ್ಟ

ಫಕ್ಕೀರವ್ವ ಹಡಪದ ಎಂಬಾಕೆ ಗೋಡೆಯ ಆಸರೆ ಬಿಟ್ಟು ಮತ್ತೆ ನಡೆದದ್ದು ಧಾರವಾಡದ ಒಂದು ಬಾಡಿಗೆ ಶೆಡ್ಡಿನಲ್ಲಿ. ಹಿಂದೆ ಅಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಗೋದಾಮಿತ್ತು, ಈಗ ಅದೇ ಲ್ಯಾಬು. ನೆಲದ ಮೇಲೆ ಎಣ್ಣೆಯ ಕಲೆಗಳು ಹಾಗೇ ಉಳಿದಿದ್ದವು. ಆ ಕಲೆಗಳನ್ನು ಒಂದೊಂದಾಗಿ ದಾಟುತ್ತ ಆಕೆ ಶೆಡ್ಡಿನ ತುದಿಯವರೆಗೆ ಹೋದಳು, ತಿರುಗಿದಳು, ನಿಂತಳು. ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿ ನೋಡಿದಳು.

"ಅಕ್ಕಾರ, ಎಲ್ಲಾ ನಿಂತೈತ್ರಿ," ಎಂದಳು. "ಬಾಗಲಾ ಬಾಗಲದ ಜಾಗಾದಾಗ ಐತಿ. ನಿಮ್ಮ ಮಾರಿ ನಿಮ್ಮ ಹೆಗಲ ಮ್ಯಾಲ ಐತಿ."

ಶಾಲ್ಮಲಾ ಇನಾಮದಾರ ನಗಲು ಹೋದಳು, ಅಳು ಬಂತು. ಎಂಟು ವರ್ಷ ಅವಳು ದುಡಿದದ್ದು ಈ ಒಂದು ಮಾತಿಗಾಗಿ.

ಫಕ್ಕೀರವ್ವ ಹುಬ್ಬಳ್ಳಿ–ನವಲಗುಂದ ಬಸ್ಸಿನ ಕಂಡಕ್ಟರ್. ಬಸ್ಸುಗಳಲ್ಲಿ ಡ್ರೈವರ್ ಇಲ್ಲದೆ ಕೆಲವು ವರ್ಷಗಳೇ ಆಗಿದ್ದವು. ಸ್ಟೇರಿಂಗ್ ತಾನೇ ತಿರುಗುತ್ತಿತ್ತು. ಕಂಡಕ್ಟರುಗಳನ್ನೂ ಒಮ್ಮೆ ತೆಗೆದು ನೋಡಿದ್ದರು. ಆದರೆ ಮುದುಕಿಯೊಬ್ಬಳು ಗಂಟು ಹೊತ್ತು ಓಡಿ ಬರುವಾಗ ಬಸ್ಸು ತಡೆಯಲು, ಗಂಟಿಗೆ ಟಿಕೀಟು ಬೇಕೋ ಬೇಡವೋ ಎಂದು ಜಗಳಾಡಲು ಒಬ್ಬ ಮನುಷ್ಯ ಬೇಕೇ ಬೇಕು ಎಂದು ಗೊತ್ತಾಗಿ ವಾಪಸ್ಸು ಕರೆಸಿಕೊಂಡರು. ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಲ್ಲುವುದು ಫಕ್ಕೀರವ್ವನ ಕಸುಬು. ಕ್ಷಯಕ್ಕೆ ಕೊಟ್ಟ ಇಂಜೆಕ್ಷನ್ನುಗಳು ರೋಗವನ್ನು ಓಡಿಸಿದವು, ಜೊತೆಗೆ ಆ ಕಸುಬನ್ನೂ ಸುಟ್ಟುಹಾಕಿದವು.

ಕಿವಿಯ ಒಳಗೆ, ಸದ್ದು ಹಿಡಿಯುವ ಶಂಖದ ಪಕ್ಕದಲ್ಲೇ, ಮೂರು ಸಣ್ಣ ಕೊಳವೆಗಳಿವೆ. ಅವುಗಳ ತುಂಬ ನೀರಿನಂಥ ದ್ರವ. ತಲೆ ತಿರುಗಿದಾಗ ದ್ರವ ತುಸು ಹಿಂದುಳಿದು ಅಲ್ಲಿನ ಸೂಕ್ಷ್ಮ ಕೂದಲುಗಳನ್ನು ಬಾಗಿಸುತ್ತದೆ. ತಲೆ ಎತ್ತ ತಿರುಗಿತು ಎಂಬುದು ಮೆದುಳಿಗೆ ತಿಳಿಯುತ್ತದೆ. ಮೆದುಳು ಆ ಕ್ಷಣವೇ ಕಣ್ಣನ್ನು ಎದುರು ದಿಕ್ಕಿಗೆ ಹೊರಳಿಸುತ್ತದೆ. ನಾವು ನಡೆಯುವಾಗ ಲೋಕ ಕುಣಿಯದಿರುವುದು ಇದರಿಂದಲೇ. ಕೆಲವು ಔಷಧಿಗಳು ಆ ಕೂದಲುಗಳನ್ನು ಸಾಯಿಸಿಬಿಡುತ್ತವೆ. ಆಮೇಲೆ ಪ್ರತಿ ಹೆಜ್ಜೆಗೂ ಲೋಕ ಜಿಗಿಯುತ್ತದೆ. ಎದುರಿಗೆ ಬಂದವರ ಮುಖ ಗುರುತು ಹತ್ತುವುದಿಲ್ಲ. ಕತ್ತಲಾದರೆ ನೆಲ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ.

ಶಾಲ್ಮಲಾ ಮಾಡಿದ್ದು ಜೋಳದ ಕಾಳಿಗಿಂತ ಸಣ್ಣದೊಂದು ಮಣಿ. ಶಸ್ತ್ರಚಿಕಿತ್ಸೆ ಮಾಡಿ ಅದನ್ನು ಕಿವಿಯೊಳಗೆ ಕೂರಿಸಿದರೆ, ಸತ್ತ ಕೂದಲುಗಳ ಕೆಲಸವನ್ನು ಅದು ಮಾಡುತ್ತಿತ್ತು. ತಲೆಯ ಚಲನೆಯನ್ನು ಅಳೆದು ನರಕ್ಕೆ ಮೆಲ್ಲಗೆ ಮಿಂಚು ಮುಟ್ಟಿಸುತ್ತಿತ್ತು. ಕಿವಿಯ ಹಿಂದೆ ಅಂಟಿಸಿಕೊಂಡ ಗುಂಡಿಯೊಂದು ಅದಕ್ಕೆ ಶಕ್ತಿ ಕೊಡುತ್ತಿತ್ತು. ಆದರೆ ದೇಹ ಜೀವಂತವಾದದ್ದು, ಸುಮ್ಮನಿರುವುದಿಲ್ಲ. ಮಣಿಯ ಸುತ್ತ ಮಾಂಸ ಬೆಳೆಯುತ್ತದೆ, ನರ ಒಗ್ಗಿಕೊಳ್ಳುತ್ತದೆ, ಅಳತೆ ನಿಧಾನವಾಗಿ ತಪ್ಪುತ್ತದೆ. ಅದಕ್ಕೇ ವಾರಕ್ಕೊಮ್ಮೆ ಮಣಿಯ ವರದಿ ಫೋನಿನ ಮೂಲಕ ಶಾಲ್ಮಲಾಳ ಯಂತ್ರಕ್ಕೆ ಬರುತ್ತಿತ್ತು, ಯಂತ್ರ ಹೊಸ ಅಳತೆ ಲೆಕ್ಕಹಾಕಿ ವಾಪಸ್ಸು ಕಳಿಸುತ್ತಿತ್ತು. ಲ್ಯಾಬಿನಲ್ಲಿ ಅದನ್ನು ಶ್ರುತಿ ಮಾಡುವುದು ಎನ್ನುತ್ತಿದ್ದರು.

ಮೊದಲ ಪ್ರಯೋಗಕ್ಕೆ ಬಂದವರು ಒಂಬತ್ತು ಜನ. ಅವರಲ್ಲಿ ಅಣ್ಣಿಗೇರಿಯ ಗೌಂಡಿ ದಸ್ತಗೀರನೂ ಒಬ್ಬ. ಶಾಲ್ಮಲಾ ಅವನಿಗೆ ಮಣಿಯ ಕೆಲಸವನ್ನು ವಿವರಿಸಿದಾಗ ಅವನು ಕಟ್ಟಡದವರು ಬಳಸುವ, ನಡುವೆ ಗುಳ್ಳೆ ಓಡಾಡುವ ಗಾಜಿನ ಕೊಳವೆಯನ್ನು ನೆನೆದು, "ಹಂಗಂದ್ರ ಕಿವ್ಯಾಗ ಒಂದ್ ರಸಮಟ್ಟ ಇಟ್ಟೀರಿ ಅನ್ರಿ," ಎಂದಿದ್ದ. ಅವತ್ತಿನಿಂದ ಲ್ಯಾಬಿನವರಿಗೆಲ್ಲ ಅದು ರಸಮಟ್ಟವೇ ಆಯಿತು.

ಈ ಸುದ್ದಿ ಕೇಳಿ ಬೆಂಗಳೂರಿನಿಂದ ಚೆಂಗಪ್ಪ ಬಂದ. ಕೊಡಗಿನವನು, ಐವತ್ತರ ಆಸುಪಾಸು, ಹೊಸ ಕಂಪನಿಗಳಿಗೆ ಬಂಡವಾಳ ಹಾಕುವ ನಿಧಿಯೊಂದರ ಪಾಲುದಾರ. ಬೋರಲು ಹಾಕಿದ ಕ್ರೇಟಿನ ಮೇಲೆ ಕೂತು ಫಕ್ಕೀರವ್ವ ನಡೆಯುವುದನ್ನು ಬಹಳ ಹೊತ್ತು ನೋಡಿದ. ಅವನ ಕಣ್ಣಲ್ಲೂ ನೀರಿತ್ತು. ಅದು ನಾಟಕವಲ್ಲ ಎಂದು ಶಾಲ್ಮಲಾ ಇವತ್ತಿಗೂ ನಂಬುತ್ತಾಳೆ.

"ಮೇಡಂ, ಮೊದಲೇ ಹೇಳಿಬಿಡ್ತೀನಿ," ಎಂದ. "ಈ ಹಣ ನನ್ನದಲ್ಲ. ಪಿಂಚಣಿ ನಿಧಿಗಳದ್ದು, ವಿಮೆಯವರದ್ದು, ಕೆಲವು ದುಡ್ಡಿರೋ ಮನೆತನಗಳದ್ದು. ಹತ್ತು ವರ್ಷದಲ್ಲಿ ಬೆಳೆಸಿ ವಾಪಸ್ ಕೊಡಿ ಅಂತ ನಮ್ಮ ಕೈಗೆ ಕೊಟ್ಟಿದ್ದಾರೆ. ಹತ್ತು ಕಂಪನಿಗೆ ಹಾಕ್ತೀವಿ ಅಂದ್ಕೊಳ್ಳಿ. ಆರೇಳು ಮುಳುಗುತ್ತೆ. ಗೊತ್ತಿದ್ದೇ ಹಾಕೋದು. ಒಂದೆರಡು ಹಾಕಿದಷ್ಟು ವಾಪಸ್ ಕೊಡುತ್ತೆ. ಉಳಿದ ಒಂದು, ಮುಳುಗಿದ್ದನ್ನೆಲ್ಲ ಮೇಲೆತ್ತಿ ಲಾಭಾನೂ ತರಬೇಕು. ಆ ಒಂದು ಯಾವುದು ಅಂತ ಮೊದಲೇ ತಿಳಿಯಲ್ಲ. ಹಾಗಾಗಿ ಹತ್ತಕ್ಕೂ ಆ ಒಂದು ನೀನೇ ಆಗು ಅಂತೀವಿ."

"ಆಗದಿದ್ರ?" ಎಂದು ಶಾಲ್ಮಲಾ ಕೇಳಿದಳು.

"ಮುಳುಗಿದ್ರೆ ಪರವಾಗಿಲ್ಲ. ಸಣ್ಣದಾಗಿ, ಚೆನ್ನಾಗಿ ನಡ್ಕೊಂಡು ಹೋಗುತ್ತಲ್ಲ, ಅಂಥ ಕಂಪನಿ ನಮಗೆ ಸತ್ತ ಕಂಪನಿಗಿಂತ ಕಷ್ಟ."

ಅವಳು ಅದನ್ನು ಚೇಷ್ಟೆಯ ಮಾತು ಎಂದುಕೊಂಡು ನಕ್ಕಳು.

ಹಣ ಒಂದೇ ಸಲಕ್ಕೆ ಬರುವುದಿಲ್ಲ; ಗೊತ್ತು ಮಾಡಿದ ಗುರಿ ಮುಟ್ಟಿದಂತೆ ಕಂತಿನಲ್ಲಿ ಬರುತ್ತದೆ. ಪ್ರತಿಯಾಗಿ ಕಂಪನಿಯಲ್ಲಿ ಅವರಿಗೆ ಪಾಲು, ಆಡಳಿತ ಮಂಡಳಿಯಲ್ಲಿ ಕುರ್ಚಿ. ಮುಂದೆ ಕಂಪನಿ ಮಾರಾಟವಾದರೆ ಮೊದಲು ಅವರ ಹಣ, ಆಮೇಲೆ ಉಳಿದವರ ಪಾಲು. ಶಾಲ್ಮಲಾಳಿಗೆಂದು ಚೆಂಗಪ್ಪ ತಾನಾಗಿಯೇ ಒಂದು ಮಾತು ಸೇರಿಸಿದ: ಸ್ಥಾಪಿಸಿದವಳ ಒಪ್ಪಿಗೆ ಇಲ್ಲದೆ ಕಂಪನಿಯನ್ನು ಮಾರುವಂತಿಲ್ಲ.

ಅವಳ ಗಂಡ ಪ್ರಮಥ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ಊಟಕ್ಕೆ ಕೂತಾಗ ಎಲ್ಲವನ್ನೂ ಕೇಳಿಸಿಕೊಂಡು, "ಬ್ಯಾಂಕಿನವನ ಸಾಲಾ ತೀರಿಸಿದ್ರ ಅಂವ ಎದ್ದು ಹೋಗ್ತಾನ. ಇವರು ಹೋಗೂದು ಯಾವಾಗ?" ಎಂದ.

"ಕಂಪನಿ ದೊಡ್ಡದಾದ ಮ್ಯಾಲೆ."

"ಎಷ್ಟು ದೊಡ್ಡದು?"

ಅವಳು ಅವನ ತಟ್ಟೆಗೆ ಪಲ್ಯ ಬಡಿಸಿದಳು.

ಕಂಪನಿಗೆ 'ನಿಲುವು' ಎಂದು ಹೆಸರಿಟ್ಟರು. ಶೆಡ್ಡು ಬಿಟ್ಟು ಬೆಂಗಳೂರಿಗೆ ಹೋದರು. ಎಲ್ಲರೂ ಅಲ್ಲೇ ಇದ್ದಾರೆ, ನುರಿತವರು ಅಲ್ಲೇ ಸಿಗುತ್ತಾರೆ ಎಂದು ಚೆಂಗಪ್ಪ ಹೇಳಿದ್ದು ಸುಳ್ಳೇನಲ್ಲ. ಪ್ರಮಥ ಕೆಲಸ ಬದಲಿಸಿಕೊಂಡು ಜೊತೆಗೆ ಬಂದ. ಏಳನೆಯ ಮಹಡಿಯ ಕಚೇರಿಯಲ್ಲಿ ಅರವತ್ತು ಜನ ಕೆಲಸಕ್ಕೆ ಸೇರಿದರು. ಒಂದು ಕೋಣೆಯ ಗೋಡೆ ತುಂಬ ಪರದೆ ಹಾಕಿ ಅದರ ಮೇಲೆ ಒಂಬತ್ತು ಹಸಿರು ಗೆರೆಗಳನ್ನು ಓಡಿಸಿದರು. ಒಂದೊಂದು ಗೆರೆ ಒಬ್ಬೊಬ್ಬರ ಕಿವಿ. ಬೆಳಿಗ್ಗೆ ಶಾಲ್ಮಲಾ ಕಾಫಿ ಹಿಡಿದು ಅಲ್ಲಿ ನಿಂತರೆ, ಫಕ್ಕೀರವ್ವನ ಬಸ್ಸು ಯಾವ ತಿರುವು ದಾಟಿತು ಎಂದು ಹೇಳಬಲ್ಲಳು. ದಸ್ತಗೀರ ಮತ್ತೆ ಕಟ್ಟಡದ ಸಾರವೆ ಹತ್ತಲು ಶುರು ಮಾಡಿದ ದಿನ ಅವನ ಗೆರೆ ಮೇಲೆ ಕೆಳಗೆ ಜಿಗಿದಾಡಿತು. ಲ್ಯಾಬಿನವರು ಚಪ್ಪಾಳೆ ತಟ್ಟಿದರು.

ಆದರೆ ಇನ್ನೂ ನೂರಾರು ಜನರ ಮೇಲೆ ಪ್ರಯೋಗವಾಗದೆ ಮಣಿಯನ್ನು ಮಾರಲು ಸರ್ಕಾರದ ಒಪ್ಪಿಗೆ ಸಿಗುವಂತಿರಲಿಲ್ಲ. ಅದಕ್ಕೆ ಐದಾರು ವರ್ಷ ಬೇಕು. ಚೆಂಗಪ್ಪನ ನಿಧಿಗೆ ಉಳಿದಿದ್ದ ಆಯಸ್ಸು ಮೂರು ವರ್ಷ. ಕಂಪನಿ ತಿಂಗಳಿಗೆ ಇಷ್ಟು ಎಂದು ಹಣ ಉರಿಸುತ್ತಿತ್ತು. ಹೊಸ ಹಣ ಹಾಕುವವರು ಬರಲಿಲ್ಲ. ಮಂಡಳಿಯ ಸಭೆಗಳಲ್ಲಿ ಇನ್ನೆಷ್ಟು ತಿಂಗಳ ಉಸಿರಿದೆ ಎಂಬುದೇ ಮೊದಲ ಪ್ರಶ್ನೆಯಾಯಿತು.

ಅಷ್ಟರಲ್ಲಿ ಅವರದೇ ಇಂಜಿನಿಯರೊಬ್ಬ ಬೇರೆ ಏನನ್ನೋ ಕಂಡುಹಿಡಿದ. ತಾನೇ ಓಡುವ ಕಾರುಗಳಲ್ಲಿ ಕೂತವರು ಓದುತ್ತ, ಸಿನಿಮಾ ನೋಡುತ್ತ ಹೋಗಬಹುದು ಎಂದು ಕಾರು ಕಂಪನಿಗಳು ಜಾಹೀರಾತು ಮಾಡಿದ್ದವು. ಆದರೆ ಕಣ್ಣು ಪುಟದ ಮೇಲೆ, ಕಿವಿಯೊಳಗಿನ ದ್ರವ ತಿರುವಿನ ಮೇಲೆ. ಎರಡಕ್ಕೂ ತಾಳೆಯಾಗದೆ ಜನ ವಾಂತಿ ಮಾಡಿಕೊಳ್ಳುತ್ತಿದ್ದರು. ನಿಲುವಿನ ಲೆಕ್ಕಾಚಾರವನ್ನೇ ಒಂದು ತಲೆಪಟ್ಟಿಗೆ ಹಾಕಿ ಕಿವಿಯ ಹಿಂದೆ ಚರ್ಮದ ಮೇಲಿನಿಂದಲೇ ಮಿಂಚು ಮುಟ್ಟಿಸಿದರೆ ಆ ಸಂಕಟ ನಿಂತುಹೋಗುತ್ತಿತ್ತು. ಚಿಕಿತ್ಸೆ ಬೇಡ, ಆಸ್ಪತ್ರೆ ಬೇಡ, ಅನುಮತಿಯೂ ಬೇಡ. ಎರಡೇ ವಾರದಲ್ಲಿ ದೊಡ್ಡ ಕಾರು ಕಂಪನಿಯೊಂದು ನಿಲುವನ್ನು ಇಡಿಯಾಗಿ ಕೊಳ್ಳಲು ಮುಂದೆ ಬಂತು.

ಅವರದು ಒಂದು ಷರತ್ತು. ಮನುಷ್ಯರ ಮೈಯೊಳಗೆ ಇರುವ ಯಾವ ಯಂತ್ರದ ಹೊಣೆಯೂ ತಮಗೆ ಬೇಡ. ಒಂಬತ್ತು ಜನರ ಸೇವೆಯನ್ನು ಮಾರಾಟಕ್ಕೆ ಮೊದಲೇ ಮುಗಿಸಿರಬೇಕು.

ಸಭೆಯಲ್ಲಿ ಚೆಂಗಪ್ಪ ಆ ಸಾಲನ್ನು ಉಳಿದ ಸಾಲುಗಳಂತೆಯೇ ಓದಿದ. ಓದಿ ಮುಗಿಸಿ ಶಾಲ್ಮಲಾಳ ಕಡೆ ನೋಡಿದ. ಅವಳ ಒಪ್ಪಿಗೆ ಬೇಕಿತ್ತು. ಆ ಒಂದು ಯಂತ್ರ, ಆ ಒಂಬತ್ತು ಗೆರೆ, ಇಷ್ಟನ್ನು ನನಗೆ ಬಿಟ್ಟುಕೊಡಿ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಆದರೆ ಖಾತೆಯಲ್ಲಿ ಎರಡು ತಿಂಗಳ ಉಸಿರು ಮಾತ್ರ ಉಳಿದಿತ್ತು, ಹೊರಗೆ ಅರವತ್ತು ಜನ ಏನಾಯಿತೆಂದು ಕಾಯುತ್ತಿದ್ದರು. ಒಂದು ಪ್ರಶ್ನೆಗೆ ಕೊಳ್ಳುವವರು ಬೆದರಿ ಎದ್ದುಹೋದರೆ? ಅವಳು ಮುಂದಿದ್ದ ಗ್ಲಾಸನ್ನೆತ್ತಿ ನೀರು ಕುಡಿದಳು. ಆಮೇಲೆ ಒಪ್ಪಿಗೆಗೆ ಕೈ ಎತ್ತಿದಳು.

ಒಂಬತ್ತು ಜನರಿಗೆ ಕಳಿಸುವ ಫೋನ್ ಸಂದೇಶದ ಕರಡು ಮರುದಿನ ಅವಳ ಮುಂದೆ ಬಂತು. ಇಂಥ ದಿನದಿಂದ ಸೇವೆ ಇರುವುದಿಲ್ಲ, ನಿಮ್ಮ ವೈದ್ಯರನ್ನು ಕಾಣಿರಿ ಎಂದು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿತ್ತು. ಅವಳು ಒಂದು ಅಲ್ಪವಿರಾಮವನ್ನು ತಿದ್ದಿ ವಾಪಸ್ಸು ಕಳಿಸಿದಳು.

ಆ ಸಂಜೆ ಪ್ರಮಥ ಕೇಳಿದ. "ಆ ಕಂಡಕ್ಟರ್ ಬಾಯಿ, ಆ ಗೌಂಡಿ, ಅವರದೆಲ್ಲ ಹೆಂಗ?"

"ಡಾಕ್ಟರ್ ಹತ್ರ ಹೋಗ್ಲಿಕ್ಕೆ ಹೇಳೇವಿ."

"ಡಾಕ್ಟರಿಗೆ ಏನು ಗೊತ್ತದ ಇದರಾಗಿಂದು?"

"ಏನೂ ಗೊತ್ತಿಲ್ಲ," ಎಂದಳು ಅವಳು. ತನ್ನ ದನಿ ಅಷ್ಟು ತಣ್ಣಗಿದ್ದುದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಪ್ರಮಥ ಎದ್ದು ಹೋಗಿ ತಟ್ಟೆ ತೊಳೆದ.

ಗೆರೆಗಳನ್ನು ನಿಲ್ಲಿಸಿದ ದಿನ ಅವಳು ಆ ಕೋಣೆಯಲ್ಲಿ ನಿಂತಿದ್ದಳು. ಹುಡುಗಿಯೊಬ್ಬಳು ಗುಂಡಿ ಒತ್ತುತ್ತ ಹೋದಳು, ಗೆರೆಗಳು ಒಂದೊಂದಾಗಿ ಆರಿದವು. ಮಣಿಗಳೇನೂ ನಿಂತಿರಲಿಲ್ಲ. ಅವು ಕಿವಿಗಳೊಳಗೆ ಹಳೆಯ ಅಳತೆಯಲ್ಲೇ ಕೆಲಸ ಮುಂದುವರಿಸಿದ್ದವು. ಅದೇ ಅಪಾಯ. ಶ್ರುತಿ ಇಲ್ಲದ ಮಣಿ ಮೊದಲು ಕೂದಲೆಳೆಯಷ್ಟು ತಪ್ಪು ಹೇಳುತ್ತದೆ, ಆಮೇಲೆ ಬೆರಳಷ್ಟು, ಆಮೇಲೆ ಗೇಣಷ್ಟು. ಇದನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅವಳೇ.

ಫಕ್ಕೀರವ್ವನ ಮೊದಲ ಕರೆ ಬಂದಾಗ ಅವಳು ಕಾರು ಕಂಪನಿಯವರೊಂದಿಗೆ ಊಟಕ್ಕೆ ಕೂತಿದ್ದಳು. ಆಮೇಲೆ ಮಾಡಿದರಾಯಿತು ಎಂದುಕೊಂಡಳು. ಎರಡನೆಯ ಕರೆಯ ಹೊತ್ತಿಗೆ ಅವಳ ಕೈಯಲ್ಲಿ ಯಾವ ಕೆಲಸವೂ ಇರಲಿಲ್ಲ. ಫೋನು ಮೇಜಿನ ಮೇಲೆ ನಡುಗಿ ನಡುಗಿ ಸುಮ್ಮನಾಗುವವರೆಗೆ ನೋಡುತ್ತ ಕೂತಳು. ಕೆಲವು ದಿನಗಳ ನಂತರ ಧ್ವನಿ ಸಂದೇಶ ಬಂತು.

"ಅಕ್ಕಾರ, ನಾ ಫಕ್ಕೀರವ್ವ. ನೆಲಾ ಎಡಕ್ಕ ವಾಲಾಕತ್ತೈತ್ರಿ. ಗುಂಡಿ ತಗದ್ರ ಮೊದಲಿನಂಗ ಎಲ್ಲಾ ಜಿಗೀತೈತಿ, ಹಾಕ್ಕೊಂಡ್ರ ವಾಲ್ತೈತಿ. ನಿಮ್ಮ ನಂಬರಿಗೆ ಹಚ್ಚಿದ್ರ ಇಂಗ್ಲೀಷಿನ್ಯಾಗ ಏನೋ ಹೇಳ್ತಾರ. ಏನ್ ಮಾಡ್ಲಿ, ಒಂದ್ ಮಾತ್ ಹೇಳ್ರಿ."

ಶಾಲ್ಮಲಾ ಅದನ್ನು ಕೇಳಿದಳು. ಉತ್ತರ ಕೊಡಬಾರದೆಂದು ವಕೀಲರು ಹೇಳಿದ್ದರು. ಕೊಟ್ಟರೆ ಹೊಣೆ ಒಪ್ಪಿಕೊಂಡಂತೆ. ಆ ನೆಪ ಅವಳಿಗೆ ಬೇಕಾಗಿತ್ತು.

ಮುಂದಿನ ಸಂದೇಶ ಬಂದದ್ದು ತಲೆಪಟ್ಟಿ ಬಿಡುಗಡೆಯಾದ ವಾರ. ನಗರದ ತುಂಬ ಅದರ ಚಿತ್ರಗಳಿದ್ದವು. ಫಕ್ಕೀರವ್ವನ ದನಿಯಲ್ಲಿ ಈ ಸಲ ಬೇಡಿಕೆ ಇರಲಿಲ್ಲ. "ದಸ್ತಗೀರ ಸಾರವೀ ಮ್ಯಾಲಿಂದ ಬಿದ್ದು ಸತ್ತ. ನಿಮಗ ಗೊತ್ತಿರ್ಲಿ ಅಂತ ಹೇಳೇನಿ."

ಅವಳು ಮರುದಿನವೇ ಹೊರಟಳು. ಮೊದಲು ಅಣ್ಣಿಗೇರಿ. ಎರಡು ಕೋಣೆಯ ಮನೆ. ದಸ್ತಗೀರನೇ ಕಟ್ಟಿದ ಗೋಡೆಗಳು, ಒಂದಿಷ್ಟೂ ಸೊಟ್ಟವಿಲ್ಲ. ಅವನ ಹೆಂಡತಿ ಮೆಹಬೂಬಿ ಅವಳನ್ನು ಗುರುತು ಹಿಡಿದು ಚಾಪೆ ಹಾಸಿದಳು. ಚಹಾ ತಂದುಕೊಟ್ಟಳು.

"ನಿಮ್ಮ ಹೆಸರು ದಿನಾ ತಗೀತಿದ್ರಿ ಅವರು. ಬಾಯಾರು ನನ್ನ ಎತ್ತಿ ನಿಲ್ಲಿಸ್ಯಾರ ಅಂತಿದ್ರು," ಎಂದಳು. ಆಮೇಲೆ ಒಳಗೆ ಮಲಗಿದ್ದ ಅತ್ತೆಗೆ ಕೇಳದ ಹಾಗೆ ದನಿ ತಗ್ಗಿಸಿದಳು. "ಕಡೀಕ ಕುಡಿಯಾಕ ಹತ್ತಿದ್ರು ಕಾಣ್ತೈತಿ. ಸಂಜೀಕ ತೂರಾಡಕೋಂತ ಬರ್ತಿದ್ರು. ಕೇಳಿದ್ರ ಇಲ್ಲ ಅಂತಿದ್ರು. ಸಂಗಾಟ ಕೆಲಸಾ ಮಾಡಾವ್ರೂ ನೋಡ್ಯಾರ. ಕುಡದು ಬಿದ್ದಾವಗ ಪರಿಹಾರ ಇಲ್ಲ ಅಂತ ಕಂಟ್ರ್ಯಾಕ್ಟರ್ ಅಂದ. ಏನ್ ಅನ್ನೂದ್ರಿ ಅವಗ?"

ಅವನು ತೂರಾಡಿದ್ದು ಕುಡಿದಲ್ಲ ಎಂದು ಶಾಲ್ಮಲಾಳಿಗೆ ಗೊತ್ತಿತ್ತು. ಅವಳು ಚಹಾ ಕುಡಿದಳು. ಒಳ್ಳೆಯ ಮನುಷ್ಯ ಇದ್ದ ಎಂದಳು. ಎದ್ದಳು. ಮೆಹಬೂಬಿ ಬಾಗಿಲವರೆಗೆ ಬಂದು, ಇಷ್ಟು ದೂರ ಬಂದಿರಲ್ಲ, ಭಾಳ ದೊಡ್ಡ ಮನಸ್ಸು ನಿಮ್ಮದು ಎಂದು ಕೈಮುಗಿದಳು.

ನವಲಗುಂದದಲ್ಲಿ ಫಕ್ಕೀರವ್ವ ಕೈಮುಗಿಯಲಿಲ್ಲ. ಹಾಸಿಗೆಯಿಂದ ಬಚ್ಚಲವರೆಗೆ ಅವಳ ಗಂಡ ಹಗ್ಗ ಕಟ್ಟಿದ್ದ; ಅದನ್ನು ಹಿಡಿದುಕೊಂಡು ಮೊಣಕಾಲ ಮೇಲೆ ಬಂದು ಗೋಡೆಗೆ ಒರಗಿದಳು. ಕೆಲಸಕ್ಕೆ ಹೋಗದೆ ವಾರಗಳಾಗಿದ್ದವು. ಒಬ್ಬ ಪ್ರಯಾಣಿಕನ ಮೈಮೇಲೆ ಬಿದ್ದಮೇಲೆ ತಾನಾಗಿಯೇ ರಜೆ ಹಾಕಿದ್ದಳು.

"ಅಳಬ್ಯಾಡ್ರಿ," ಎಂದಳು. "ನಿಮ್ಮ ಅಳು ತಗೊಂಡು ನಾ ಏನ್ ಮಾಡ್ಲಿ? ನನ್ನ ನೆಲಾ ನೆಟ್ಟಗ ಮಾಡಿ ಕೊಡಾಕ ಆಗ್ತೈತೋ ಇಲ್ಲೋ, ಅಷ್ಟ ಹೇಳ್ರಿ."

"ಮಶೀನ್ ಈಗ ನನ್ನದಲ್ಲ, ಫಕ್ಕೀರವ್ವ. ಮಾರೇವಿ."

"ಮಾರೂದಕ್ಕ ನೀವ ಹ್ಞೂಂ ಅಂದೀರೋ, ಮತ್ತ ಯಾರರ ಅಂದಾರೋ?"

"ನಾನ ಅಂದೆ."

ಫಕ್ಕೀರವ್ವ ತಲೆ ಅಲ್ಲಾಡಿಸದೆ, ಕಣ್ಣು ಮಾತ್ರ ಎತ್ತಿ ಅವಳನ್ನು ನೋಡಿದಳು. "ಹಂಗಾರ ಹೋಗಿ ಕೇಳ್ರಿ. ಇಲ್ಲಿ ಯಾಕ ಕುಂತೀರಿ?"

ಬೆಂಗಳೂರಿಗೆ ಬಂದವಳು ನೇರ ಚೆಂಗಪ್ಪನ ಕಚೇರಿಗೆ ಹೋದಳು. ಅವನು ಎಲ್ಲವನ್ನೂ ಕೇಳಿಸಿಕೊಂಡ. ನಿಧಿಯ ಕೈಯಲ್ಲಿ ಈಗ ಏನೂ ಇಲ್ಲ, ತನ್ನ ಪಾಲು ಪಡೆದು ಹೊರಬಂದಾಗಿದೆ ಎಂದ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ, "ನಿಮ್ಮ ಪಾಲಿನ ಹಣ ನಾಲ್ಕು ವರ್ಷದ ಕಂತುಗಳಾಗಿ ಹಂಚಿದ್ದಾರೆ ಅಲ್ವಾ? ನೀವು ಅಲ್ಲೇ ಕೆಲಸ ಮಾಡ್ತಾ ಇದ್ರೆ ಮಾತ್ರ ಬರೋದು. ಅದನ್ನ ಬಿಟ್ಟುಕೊಡ್ತೀನಿ, ಬದಲಿಗೆ ಹಳೇ ಯಂತ್ರ ಕೊಡಿ ಅಂತ ಕೇಳಿ ನೋಡಿ," ಎಂದ.

ಕಾರು ಕಂಪನಿಯ ವಕೀಲೆ ಚಿಕ್ಕ ವಯಸ್ಸಿನವಳು, ಮಾತಿನಲ್ಲಿ ಚುರುಕು. ತನ್ನ ಪಾಲು ಬಿಟ್ಟುಕೊಡುತ್ತೇನೆಂದು ಶಾಲ್ಮಲಾ ಬೇಡಿಕೆ ಮುಂದಿಟ್ಟಾಗ ಅವಳು ಒಂದೆರಡು ಕರೆ ಮಾಡಿದಳು. ಒಳಗೆ ಹೋಗಿ ಬಂದಳು. ಮುಂದೆ ಏನೇ ಆದರೂ ಹೊಣೆ ಶಾಲ್ಮಲಾಳದ್ದೇ ಎಂದು ಸಹಿ ಹಾಕಬೇಕು; ಅಷ್ಟಾದರೆ ಯಂತ್ರವನ್ನೂ ಅದರ ಲೆಕ್ಕಾಚಾರವನ್ನೂ ಆ ರೋಗಿಗಳ ಮಟ್ಟಿಗೆ ಬಳಸಿಕೊಳ್ಳಬಹುದು. ಮೇಜಿನ ಮೇಲೆ ತಂದಿಟ್ಟಿದ್ದ ಚಹಾ ಇನ್ನೂ ಬಿಸಿಯಾಗಿಯೇ ಇತ್ತು.

"ಇಷ್ಟೇನಾ ಮೇಡಂ?" ಎಂದಳು ವಕೀಲೆ ಕಾಗದ ಜೋಡಿಸುತ್ತ. "ನಮಗೆ ಹೊಣೆ ಬೇಡವಾಗಿತ್ತು ಅಷ್ಟೇ, ಆ ಹಳೇ ಯಂತ್ರ ಏನು ಮಾಡೋದು ನಾವು? ಮಾರಾಟದ ದಿನವೇ ಕೇಳಿದ್ರೂ ಕೊಡ್ತಿದ್ವಿ. ನಿಮ್ಮ ಹಣ ಬಿಡೋದೂ ಬೇಕಿರಲಿಲ್ಲ. ಯಾರೂ ಕೇಳಲೇ ಇಲ್ಲ."

ಶಾಲ್ಮಲಾ ಸಹಿ ಹಾಕಿದಳು. ಹೊರಗೆ ಬಂದು ಲಿಫ್ಟಿನ ಮುಂದೆ ನಿಂತಳು. ಲಿಫ್ಟು ಬಂತು, ಬಾಗಿಲು ತೆರೆಯಿತು, ಮುಚ್ಚಿತು. ಮತ್ತೆ ಬಂತು. ಆ ಸಭೆಯಲ್ಲಿ ನೀರು ಕುಡಿಯದೆ ಬಾಯಿ ತೆರೆದಿದ್ದರೆ ಆಗಿಹೋಗುತ್ತಿತ್ತು. ಅಷ್ಟು ಸುಲಭವಿತ್ತು. ಕಷ್ಟದ ಕೆಲಸವಾಗಿದ್ದರೆ, ಹೋರಾಡಿ ಸೋತಿದ್ದರೆ, ದಸ್ತಗೀರನ ಸಾವನ್ನು ಹೊರುವ ಒಂದು ಬಗೆಯಾದರೂ ಸಿಗುತ್ತಿತ್ತು. ಮೆಟ್ಟಿಲಿಳಿದು ಬೀದಿಗೆ ಬಂದಳು. ಲಿಫ್ಟು ಹತ್ತಲು ಅವಳಿಂದಾಗಲಿಲ್ಲ.

ಸಂಜೆ ಪ್ರಮಥನಿಗೆ ಎಲ್ಲ ಹೇಳಿದಳು. ಧಾರವಾಡಕ್ಕೆ ವಾಪಸ್ಸು ಹೋಗಬೇಕು, ಮನೆ ಚಿಕ್ಕದಾಗುತ್ತದೆ ಎಂದಳು. ಅವನು, "ಹೋಗೂಣು," ಎಂದ. ಆಮೇಲೆ, "ನಾನೂ ಆವತ್ತು ಎರಡು ಪ್ರಶ್ನೆ ಕೇಳಿ ಎದ್ದೆ. ಮೂರನೇದು ಕೇಳಬೇಕಿತ್ತು," ಎಂದ.

ಯಂತ್ರವನ್ನು ಧಾರವಾಡದ ಮನೆಯ ಪಡಸಾಲೆಯಲ್ಲೇ ಇಟ್ಟರು. ದೂರದಿಂದ ಶ್ರುತಿ ಮಾಡಲು ಅಳತೆ ತೀರ ಕೆಟ್ಟಿತ್ತು. ಮೊದಲ ಸಲಕ್ಕೆ ಒಬ್ಬೊಬ್ಬರ ಮನೆಗೂ ಅವಳೇ ಹೋಗಬೇಕಾಯಿತು. ಫಕ್ಕೀರವ್ವನನ್ನು ತಿರುಗುವ ಕುರ್ಚಿಯ ಮೇಲೆ ಕೂರಿಸಿ ನಿಧಾನ ತಿರುಗಿಸುತ್ತ, ಕಣ್ಣುಗಳನ್ನು ಗಮನಿಸುತ್ತ, ಅಳತೆಯನ್ನು ಕೂದಲೆಳೆಯಷ್ಟು ಆ ಕಡೆ ಈ ಕಡೆ ಸರಿಸುತ್ತ ಮಧ್ಯಾಹ್ನದವರೆಗೆ ಕೂತಳು. ಕೊನೆಗೆ ಫಕ್ಕೀರವ್ವ ಎದ್ದಳು. ಹಗ್ಗ ಬಿಟ್ಟಳು. ಅಂಗಳಕ್ಕಿಳಿದು ಒಂದು ಸುತ್ತು ಹಾಕಿ ಬಂದು ಕೊಡದಿಂದ ನೀರು ಬಗ್ಗಿಸಿಕೊಂಡು ಕುಡಿದಳು. ಎಲ್ಲ ನಿಂತಿದೆ ಎಂದೇನೂ ಹೇಳಲಿಲ್ಲ.

ಮಶೀನು ಹೇಗೆ ಸಿಕ್ಕಿತು ಎಂದು ಅವಳು ಕೇಳಿದಾಗ ಶಾಲ್ಮಲಾ ವಕೀಲೆ ಆಡಿದ ಮಾತನ್ನೂ ಬಿಡದೆ ಹೇಳಿದಳು.

ಫಕ್ಕೀರವ್ವ ಲೋಟ ಕೆಳಗಿಟ್ಟಳು. "ಇದನ್ನ ಮೆಹಬೂಬಿ ಮುಂದ ಹೇಳೀರೇನು?"

"ಇಲ್ಲ."

"ಅಕಿ ಗಂಡ ಕುಡದು ಸತ್ತ ಅನ್ಕೊಂಡಾಳ. ಊರೆಲ್ಲ ಹಂಗ ಅಂತೈತಿ. ನಾನ ಹೇಳ್ಬೇಕಂತ ಮಾಡಿದ್ದೆ, ಹಗ್ಗಾ ಹಿಡಕೊಂಡು ಅಣ್ಣಿಗೇರಿ ತನಾ ಹೆಂಗ ಹೋಗ್ಲಿ? ಫೋನಿನ್ಯಾಗ ಹೇಳೂ ಮಾತಲ್ಲ ಅದು. ನೀವು ಹೋಗಿದ್ರಿ. ಚಾ ಕುಡದು ಬಂದ್ರಿ."

ಶಾಲ್ಮಲಾ ಅಲ್ಲಿಂದಲೇ ಅಣ್ಣಿಗೇರಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಗೆ ಶುರು ಮಾಡುವುದೆಂದು ಯೋಚಿಸಿದಳು. ನೆಪಗಳೆಲ್ಲ ಸಾಲುಗಟ್ಟಿ ಬಂದವು: ನಿಧಿಯ ಹತ್ತು ವರ್ಷ, ಅರವತ್ತು ಜನರ ಕೆಲಸ, ವಕೀಲರ ಮಾತು. ಎಲ್ಲವೂ ನಿಜವೇ. ಯಾವುದನ್ನೂ ಆ ಮನೆಯ ಹೊಸ್ತಿಲು ದಾಟಿಸಿ ಒಳಗೆ ಒಯ್ಯುವಂತಿರಲಿಲ್ಲ.

ಮೆಹಬೂಬಿ ಈ ಸಲವೂ ಚಾಪೆ ಹಾಸಿದಳು. ಶಾಲ್ಮಲಾ ಕೂರಲಿಲ್ಲ.

"ದಸ್ತಗೀರ ಕುಡದಿರಲಿಲ್ಲ," ಎಂದಳು. "ಕಿವ್ಯಾಗಿಂದು ವಾರಾ ವಾರಾ ಸರಿ ಮಾಡಬೇಕಾಗಿತ್ತು. ನಾವು ಬಂದ್ ಮಾಡಿದ್ವಿ. ಬಂದ್ ಮಾಡ್ಲಿಕ್ಕೆ ನಾನ ಕೈ ಎತ್ತಿದೆ. ಅವರಿಗೆ ನೆಲಾ ಸೊಟ್ಟ ಕಾಣ್ತಿತ್ತು. ಅದಕ್ಕ ತೂರಾಡ್ತಿದ್ರು. ಅದಕ್ಕ ಬಿದ್ರು."

ಮೆಹಬೂಬಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಕುಡದಿರಲಿಲ್ಲ?"

"ಇಲ್ಲ."

"ಬಾಯಿ ಮೂಸಿ ನೋಡಿದ್ದೆ ನಾ," ಎಂದಳು ಮೆಹಬೂಬಿ. "ವಾಸನಿ ಇರಲಿಲ್ಲ. ಆದ್ರೂ ನಂಬಲಿಲ್ಲ. ಕಡೀ ವಾರ ಅವರನ್ನ ಮಾತಾಡಿಸಿರಲಿಲ್ಲರಿ. ರೊಟ್ಟಿ ಬುಟ್ಟಿ ಮುಂದಕ ನೂಕಿ ಒಳಗ ಹೋಗ್ತಿದ್ದೆ. ಸಾಯೂ ದಿನಾನೂ ಹಂಗ ಹೋದ್ರು, ಮಾತಿಲ್ದ."

ಹೇಳಿದರೆ ತನ್ನ ಭಾರ ಸ್ವಲ್ಪವಾದರೂ ಇಳಿಯಬಹುದು ಎಂದು ಶಾಲ್ಮಲಾ ಎಲ್ಲೋ ಒಳಗೆ ಆಸೆಪಟ್ಟಿದ್ದಳು. ಈಗ ನೋಡಿದರೆ ಅದರ ಒಂದು ಭಾಗ ಈ ಹೆಂಗಸಿನ ತಲೆಯ ಮೇಲೆ ಕೂತಿತ್ತು, ತನ್ನದು ಮಾತ್ರ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಕ್ಷಮಿಸಿ ಎನ್ನಲು ಬಾಯಿ ತೆರೆದಳು.

ಮೆಹಬೂಬಿ ಕೈ ಅಡ್ಡ ಮಾಡಿ ತಡೆದಳು. ಸೆರಗು ತಲೆಗೆ ಎಳೆದುಕೊಂಡಳು, ಚಪ್ಪಲಿ ಮೆಟ್ಟಿದಳು. "ಅದೆಲ್ಲ ಆಮ್ಯಾಲ. ಈಗ ನಡ್ರಿ."

ಕಟ್ಟಡ ಊರ ಹೊರಗಿತ್ತು, ಇನ್ನೂ ಮುಗಿದಿರಲಿಲ್ಲ. ಕಂಟ್ರ್ಯಾಕ್ಟರ್ ಸಿಮೆಂಟ್ ಚೀಲಗಳ ಹತ್ತಿರ ನಿಂತು ಯಾರಿಗೋ ಬೈಯುತ್ತಿದ್ದವನು ಇವರನ್ನು ಕಂಡು ಸುಮ್ಮನಾದ. ಮೆಹಬೂಬಿ ಅವನ ಮುಂದೆ ಹೋಗಿ ನಿಂತು ಶಾಲ್ಮಲಾಳ ಕಡೆ ತಿರುಗಿದಳು.

"ಹೇಳ್ರಿ."

ಶಾಲ್ಮಲಾ ಹೇಳಿದಳು. ದಸ್ತಗೀರ ಕುಡಿದಿರಲಿಲ್ಲ, ತಪ್ಪು ತಮ್ಮ ಕಂಪನಿಯದು, ಕೈ ಎತ್ತಿದವಳು ತಾನು, ಎಲ್ಲಿ ಬೇಕಾದರೂ ಬರೆದುಕೊಡುತ್ತೇನೆ ಎಂದಳು. ಕಂಟ್ರ್ಯಾಕ್ಟರ್ ನೆಲ ನೋಡಿದ. ಗಾರೆ ಕಲಸುತ್ತಿದ್ದವರು ಸಲಿಕೆ ನಿಲ್ಲಿಸಿದರು. ಇಟ್ಟಿಗೆ ಹೊತ್ತ ಹೆಂಗಸರು ಹೊತ್ತಲ್ಲೇ ನಿಂತರು.

ಮೆಹಬೂಬಿ ಕತ್ತು ಎತ್ತಿ ಸಾರವೆಯ ಕಡೆ ನೋಡಿದಳು. ಮೂರನೆಯ ಮಾಳಿಗೆಯ ಮಟ್ಟದಲ್ಲಿ ನಾಲ್ಕೈದು ಗೌಂಡಿಗಳು ಕೆಲಸ ಬಿಟ್ಟು ಬಗ್ಗಿ ಕೆಳಗೆ ನೋಡುತ್ತಿದ್ದರು.

"ಇನ್ನೊಮ್ಮೆ ಹೇಳ್ರಿ," ಎಂದಳು. "ಮ್ಯಾಲ ಇದ್ದಾರಿಗೆ ಕೇಳಲಿಲ್ಲ."

ಶಾಲ್ಮಲಾ ತಲೆಯೆತ್ತಿ, ಇನ್ನೂ ಗಟ್ಟಿಯಾಗಿ, ಮೊದಲಿನಿಂದ ಹೇಳತೊಡಗಿದಳು.